ಸಡಿಲದಿಂದ ಎಣಿಸಿದ ಆರು

"ಹದಿನಾರು," ಅಂದೆ.

"ಇನ್ನೊಂದು ಸಲ ಎಣಿಸಿಬಿಡಿ," ಅಂದರು ಕ್ಲಬ್ಬಿನ ಕಾರ್ಯದರ್ಶಿ. "ಆಮೇಲೆ ಯಾರೂ ತಕರಾರು ತೆಗೀಬಾರದು."

ನಾನು ಕ್ಲಬ್ಬಿನ ಶೆಡ್ಡಿನಲ್ಲಿ ಅಂಗಾತ ಮಲಗಿದ್ದೆ. ಬೆನ್ನ ಕೆಳಗೊಂದು ಗೋಣಿಚೀಲ, ಮೂಗಿಗೆ ತಾಗುವಷ್ಟು ಹತ್ತಿರ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್, ಕೈಯಲ್ಲಿ ಚಪ್ಪಟೆ ಮೂತಿಯ ಸ್ಕ್ರೂಡ್ರೈವರ್. ವಿಮೆಯವರ ಕಡೆಯಿಂದ ತನಿಖೆಗೆ ಬಂದ ಹೆಂಗಸು ಹೀಗೆ ಮಣ್ಣಲ್ಲಿ ಹೊರಳಾಡೋದನ್ನ ಅವರು ಇದೇ ಮೊದಲು ನೋಡ್ತಿದ್ದರು ಅಂತ ಕಾಣುತ್ತೆ. ಇಸ್ತ್ರಿ ಅಂಗಿ ಕೊಳೆಯಾದೀತು ಅಂತ ಎರಡು ಹೆಜ್ಜೆ ದೂರವೇ ನಿಂತಿದ್ದರು.

ಶನಿವಾರ ಬೆಳಿಗ್ಗೆ, ರೇಸಿನ ಅಭ್ಯಾಸದ ಮೊದಲ ಸುತ್ತಿನಲ್ಲೇ, ಮಿಡತೆಯನ್ನು ದೊಡ್ಡ ದಿಬ್ಬದ ಮೇಲಿಂದ ಹ್ಯಾಂಡಲ್ ದಾಟಿಸಿ ಎಸೆದ ಬೈಕು ಇದೇ.

ಮಿಡತೆ ಅಂತ ನಾವು ಕರೆಯೋದು ನಮ್ಮ ಮೇಸ್ತ್ರಿಯ ಒಬ್ಬಳೇ ಮಗಳನ್ನ. ಇಪ್ಪತ್ಮೂರು ವರ್ಷ. ತೊಡೆಮೂಳೆ ಎರಡು ಕಡೆ ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಬೈಕನ್ನು ಹದ ಮಾಡಿ ಕೊಟ್ಟಿದ್ದು ಅವಳಪ್ಪನೇ. ತಪ್ಪು ಅವರದು ಅಂತಾದರೆ ಮೇಸ್ತ್ರಿಯ ಪರವಾನಗಿ ರದ್ದು, ಮೂವತ್ತು ವರ್ಷದ ಗ್ಯಾರೇಜಿಗೆ ಬೀಗ. ಇವತ್ತು, ಸೋಮವಾರ, ಸಂಜೆ ನಾಲ್ಕಕ್ಕೆ ಕ್ಲಬ್ಬಿನ ಸಮಿತಿ ಕೂತು ತೀರ್ಮಾನ ಮಾಡುತ್ತೆ.

'ನಮ್ಮ ಮೇಸ್ತ್ರಿ' ಅಂತ ಬಾಯಿಗೆ ಬಂದುಬಿಟ್ಟಿತು, ಇರಲಿ. ಹದಿನೆಂಟನೇ ವಯಸ್ಸಿಗೆ ಅವರ ಗ್ಯಾರೇಜಿಗೆ ಸೇರಿದವಳು ನಾನು. ಸಂದಿಗೆ ಬಿದ್ದ ಸ್ಕ್ರೂ ತೆಗೆಯೋಕೆ ನನ್ನ ಸಣ್ಣ ಬೆರಳೇ ಬೇಕಾಗಿತ್ತು, ಅದಕ್ಕೇ ಚಿಮಟ ಅಂತ ಹೆಸರು ಬಿತ್ತು. ಇದನ್ನೆಲ್ಲ ವಿಮೆಯವರಿಗೆ ಮೊದಲೇ ಹೇಳಿದ್ದೆ. ಶಾಕ್ ಬಿಚ್ಚೋಕೂ ಬರೋ, ವರದಿ ಬರೆಯೋಕೂ ಬರೋ ಇನ್ನೊಬ್ಬರು ಅವರಿಗೆ ಸಿಗಲಿಲ್ಲ.

ಮತ್ತೆ ಎಣಿಸಿದೆ. ಶಾಕ್‌ನ ಸ್ಕ್ರೂವನ್ನ ಮೊದಲಿದ್ದ ಜಾಗಕ್ಕೇ ತಂದು, ಬಿಗಿ ಮಾಡ್ತಾ ಹೋದೆ. ಕ್ಲಿಕ್, ಕ್ಲಿಕ್, ಕ್ಲಿಕ್. ಹದಿನಾರಕ್ಕೆ ನಿಂತಿತು.

"ಚೀಟಿಯಲ್ಲಿ ಎಷ್ಟಿದೆ?" ಕಾರ್ಯದರ್ಶಿ ಕೇಳಿದರು, ಗೊತ್ತಿದ್ದೂ ಗೊತ್ತಿದ್ದೂ.

ಸೀಟಿನ ಕೆಳಗೆ ಮೇಸ್ತ್ರಿ ಅಂಟಿಸೋ ಚೀಟಿ. ದಪ್ಪ ಅಕ್ಷರ, ಸ್ವಲ್ಪ ಬಾಗಿದ ಸಾಲು. *ಹಿಂದೆ, ರಿಬೌಂಡ್, ಆರು.*

"ಆರು ಅಂತ ಬರೆದು ಹದಿನಾರಕ್ಕೆ ಇಟ್ಟಿದ್ದಾರೆ," ಅಂದರು ಕಾರ್ಯದರ್ಶಿ. "ಅವರ ಬೆರಳು ಮರಗಟ್ಟಿರೋದು ಊರಿಗೇ ಗೊತ್ತು. ಅಂಗಿ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ ಅವರಿಗೆ. ಸುಮ್ಮನೆ ಯಾಕೆ ಎಳೀತೀರಿ? ಅವರೇ ಒಪ್ಪಿಕೊಂಡಿದ್ದಾರಲ್ಲ."

ಜೇಬಿನಿಂದ ಒಂದು ಹಾಳೆ ತೆಗೆದು ಮಲಗಿದ್ದ ನನ್ನ ಕೈಗೇ ಕೊಟ್ಟರು. ಅದೇ ಬಾಗಿದ ಸಾಲು. *ಹಿಂದಿನ ರಿಬೌಂಡ್ ತಪ್ಪಾಗಿ ಇಟ್ಟವನು ನಾನು. ಬೇರೆ ಯಾರನ್ನೂ ವಿಚಾರಿಸುವುದು ಬೇಡ.* ಕೆಳಗೆ ಸಹಿ, ಭಾನುವಾರದ ತಾರೀಕು.

ಹಾಳೆಯನ್ನ ಎರಡು ಸಲ ಓದಿದೆ. ಮೇಸ್ತ್ರಿ ತಪ್ಪು ಒಪ್ಪಿಕೊಳ್ಳೋ ಮನುಷ್ಯ, ಅದರಲ್ಲೇನೂ ಅನುಮಾನ ಇಲ್ಲ. ಆದರೆ 'ಬೇರೆ ಯಾರನ್ನೂ ವಿಚಾರಿಸುವುದು ಬೇಡ' ಅನ್ನೋ ಮನುಷ್ಯ ಅಲ್ಲ. ನಟ್ಟೊಂದು ಕಳೆದರೆ ಇಡೀ ಗ್ಯಾರೇಜು ಗುಡಿಸಿಸುತ್ತಿದ್ದ ಜನ ಅವರು.

"ಭಾನುವಾರ ಇಲ್ಲಿಗೆ ಬಂದಿದ್ರಾ?"

"ಸ್ಕ್ರೂ ಮೇಲಿನ ಮೊಹರು ಗುರುತು ಹಿಡಿಯೋಕೆ ನಾವೇ ಕರೆಸಿದ್ವಿ. ಶಾಕ್ ಹತ್ತಿರ ಬಗ್ಗಿ ನೋಡಿದ್ರು. ಎದ್ದವರು ಒಂದು ಹಾಳೆ ಕೊಡಿ ಅಂದ್ರು. ಅಷ್ಟೇ."

ಬಗ್ಗಿ ನೋಡಿದರೆ ಕ್ಲಿಕ್ ಎಷ್ಟಿದೆ ಅಂತ ಯಾವ ದೇವರಿಗೂ ಗೊತ್ತಾಗಲ್ಲ. ತಿರುಗಿಸಿ ಎಣಿಸಬೇಕು. ಹಾಗಾದರೆ ಮೇಸ್ತ್ರಿ ನೋಡಿದ್ದೇನು?

ಅವರು ನೋಡಿದ್ದನ್ನೇ ನಾನೂ ಅರ್ಧ ಗಂಟೆ ಮುಂಚೆ ನೋಡಿದ್ದೆ, ಕೆರೆದು ತೆಗೆದು ಸಣ್ಣ ಕವರಿಗೆ ಹಾಕಿಯೂ ಇಟ್ಟಿದ್ದೆ. ಕೆಂಪು ಉಗುರುಬಣ್ಣದ ಒಂದು ಚೂರು. ನಮ್ಮ ಗ್ಯಾರೇಜಿನ ಪದ್ಧತಿ ಅದು. ಸ್ಕ್ರೂ ಹದ ಮಾಡಿದ ಮೇಲೆ ತಲೆಯ ಮೇಲೊಂದು ಹನಿ ಉಗುರುಬಣ್ಣ ಹಾಕಬೇಕು. ಒಡೆದಿದ್ದರೆ ಯಾರೋ ಮುಟ್ಟಿದ್ದಾರೆ ಅಂತ ಲೆಕ್ಕ. ಈ ಚೂರನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಳಗೆ ಒಡೆದ ತೆಳು ಪದರ, ಅದರ ಮೇಲೆ ಒಡೆಯದ ದಪ್ಪ ಪದರ. ಮೇಸ್ತ್ರಿ ಹಾಕಿದ ಮೊಹರನ್ನ ಯಾರೋ ಒಡೆದು, ಸ್ಕ್ರೂ ತಿರುಗಿಸಿ, ಮತ್ತೆ ಮೊಹರು ಹಾಕಿದ್ದರು.

"ಬೆರಳಿನ ಮಾತು ಬಿಡಿ," ಅಂದೆ. "ಮೇಸ್ತ್ರಿ ಈಗ ಬೆರಳಲ್ಲಿ ಎಣಿಸೋದೇ ಇಲ್ಲ. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನ ದವಡೆಗೆ ಒತ್ತಿ ತಿರುಗಿಸ್ತಾರೆ. ಕ್ಲಿಕ್ ಅಂದ್ರೆ ಮೂಳೆಗೆ ಗೊತ್ತಾಗುತ್ತೆ. ಐದು ವರ್ಷದಿಂದ ಹಾಗೇನೇ."

"ದವಡೆ ಬಂದು ಸಾಕ್ಷಿ ಹೇಳುತ್ತಾ?"

ಮನುಷ್ಯ ಒಳ್ಳೆಯವರೇ, ಆದರೆ ನಾಲಿಗೆ ಮಾತ್ರ ಚೂಪು. ನನಗೂ ಸಿಟ್ಟು ಬಂತು. ಸಿಟ್ಟಲ್ಲೇ ಸ್ಕ್ರೂವನ್ನ ಈಗ ಇನ್ನೊಂದು ಕಡೆಗೆ ತಿರುಗಿಸತೊಡಗಿದೆ. ಬಿಗಿಯಿಂದ ಹದಿನಾರು ಬಿಚ್ಚಿ, ಇದ್ದ ಜಾಗಕ್ಕೆ ತಂದೆ. ಅಲ್ಲಿಂದ ಮುಂದಕ್ಕೂ ಬಿಚ್ಚಿದೆ. ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಆರಕ್ಕೆ ನಿಂತಿತು. ಇನ್ನು ಸಡಿಲವಿಲ್ಲ.

ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಿಬಿಡ್ತೀನಿ. ಬೈಕು ದಿಬ್ಬಕ್ಕೆ ಹೊಡೆದಾಗ ಸ್ಪ್ರಿಂಗು ಕುಗ್ಗುತ್ತೆ. ಕುಗ್ಗಿದ್ದು ಎದ್ದೇಳಲೇಬೇಕು. ಎಷ್ಟು ಜೋರಾಗಿ ಏಳಬೇಕು ಅನ್ನೋದನ್ನ ಶಾಕ್ ಒಳಗಿನ ಎಣ್ಣೆ ತಡೆದು ನಿಧಾನ ಮಾಡುತ್ತೆ. ಸ್ಕ್ರೂ ಬಿಗಿ ಮಾಡಿದರೆ ಎಣ್ಣೆಗೆ ದಾರಿ ಕಿರಿದು, ಸೀಟು ನಿಧಾನಕ್ಕೆ ಏಳುತ್ತೆ. ಸಡಿಲ ಬಿಟ್ಟರೆ ದಾರಿ ಅಗಲ, ಸೀಟು ಒದ್ದುಕೊಂಡು ಏಳುತ್ತೆ. ಇದೇ ರಿಬೌಂಡ್. "ನಿದ್ದೆಯಿಂದ ಎದ್ದವನ ಹಾಗೆ ಏಳಬೇಕು, ಚೇಳು ಕಚ್ಚಿದವನ ಹಾಗಲ್ಲ" ಅಂತ ಮೇಸ್ತ್ರಿ ನಮಗೆ ಕಲಿಸಿದ್ದರು. ಮಿಡತೆಯ ಬೈಕು ಶನಿವಾರ ಚೇಳು ಕಚ್ಚಿದ ಹಾಗೆ ಎದ್ದಿತ್ತು.

"ಸರ್, ಇದು ಎಡವಟ್ಟು ಬೆರಳಿನ ಕೆಲಸ ಅಲ್ಲ," ಅಂದೆ. ಎದ್ದು ಕೂತೆ. "ಒಟ್ಟು ಇಪ್ಪತ್ತೆರಡು ಕ್ಲಿಕ್. ಮೇಸ್ತ್ರಿ ಎಣಿಸೋದು ಬಿಗಿಯಿಂದ, ಅಂದ್ರೆ ಪೂರ್ತಿ ಬಿಗಿದು ಅಲ್ಲಿಂದ ಬಿಚ್ತಾ. ಇದನ್ನ ಇಟ್ಟವರೂ ಆರಕ್ಕೇ ಇಟ್ಟಿದ್ದಾರೆ. ಚೀಟಿ ಓದಿ, ಸರಿಯಾಗಿ ಎಣಿಸಿ, ಆರಕ್ಕೇ ಇಟ್ಟಿದ್ದಾರೆ. ಆದರೆ ಸಡಿಲದಿಂದ ಎಣಿಸಿದ ಆರು. ಇದು ಹಳೇ ಲೆಕ್ಕ. ಅದನ್ನ ಕಲಿತವರು ಬೆರಳೆಣಿಕೆಯಷ್ಟು ಜನ."

"ಯಾರ್ಯಾರು?"

ಆಗ ನಾಲಿಗೆ ಕಚ್ಚಿಕೊಂಡೆ. ಜಾಣತನ ತೋರಿಸೋಕೆ ಹೋಗಿ ಬೇಕಾದ್ದಕ್ಕಿಂತ ಹೆಚ್ಚು ಹೇಳಿಬಿಟ್ಟಿದ್ದೆ. ಕಾರ್ಯದರ್ಶಿ ಆಗಲೇ ಪುಸ್ತಕ ತೆಗೆದು 'ಸಡಿಲ', 'ಬಿಗಿ' ಅಂತ ಎರಡು ಪದ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದರು.

"ಹಾಗಾದ್ರೆ ನಿಮ್ಮ ಜೊತೆ ಅಲ್ಲೇ ಕೆಲಸ ಕಲಿತ ಆ ಗಡಿಬಿಡಿ," ಅಂದರು ಅವರೇ. "ಶುಕ್ರವಾರ ಮಧ್ಯಾಹ್ನ ಅವನು ಮೇಸ್ತ್ರಿ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದನ್ನ ಟೈರಿನ ಅಂಗಡಿಯವರು ನೋಡಿದ್ದಾರೆ. ಒಂಬತ್ತು ವರ್ಷದಿಂದ ಮೇಸ್ತ್ರಿ ಮುಖ ನೋಡದವನು, ಅಭ್ಯಾಸದ ಹಿಂದಿನ ದಿನವೇ ಯಾಕೆ ಹೋಗಬೇಕಿತ್ತು? ನಾಲ್ಕು ಗಂಟೆವರೆಗೆ ಟೈಮಿದೆ. ಹೋಗಿ ಕೇಳ್ಕೊಂಡು ಬನ್ನಿ."

ಗಡಿಬಿಡಿಯ ಅಂಗಡಿ ಎದುರಿಗೇ ಮೇಸ್ತ್ರಿಯ ಗ್ಯಾರೇಜು ಇರೋದು. ಶಟರ್ ಅರ್ಧ ಇಳಿಸಿತ್ತು, ಮೆಟ್ಟಿಲ ಹತ್ತಿರ ಅವರ ಚಪ್ಪಲಿ. ಒಳಗೆ ಹೋಗೋಕೆ ಕಾಲು ಬರಲಿಲ್ಲ. ಬಾಗಿಲಲ್ಲೇ ನಿಂತು ಮೂಗಿಗೆ ಬಂದದ್ದನ್ನ ಎಳೆದುಕೊಂಡೆ. ಸೀಮೆಎಣ್ಣೆ, ರಬ್ಬರು, ಗ್ರೀಸು. ಈ ವಾಸನೆ ಸಿಕ್ಕಿದರೆ ಸಾಕು, ನಾನು ಎಲ್ಲಿದ್ದರೂ ಹದಿನೆಂಟು ವರ್ಷದವಳಾಗ್ತೀನಿ.

ಆಗ ನಾವು ಗ್ಯಾರೇಜಿನಲ್ಲಿದ್ದದ್ದು ನಾಲ್ಕೇ ಜನ. ಮೇಸ್ತ್ರಿ, ಅಕ್ಕ, ಗಡಿಬಿಡಿ, ನಾನು. ಅಕ್ಕ ಅಂದರೆ ಮೇಸ್ತ್ರಿಯ ಹೆಂಡತಿ. ಎಂಜಿನ್ನಿಗೆ ಮೇಸ್ತ್ರಿ, ಶಾಕ್‌ಗೆ ಅಕ್ಕ ಅಂತ ಮಾತೇ ಇತ್ತು. ಬೈಕು ತಂದವರು "ಅಕ್ಕನ ಕೈಲೇ ಮಾಡಿಸಿ" ಅಂತ ಹಟ ಹಿಡೀತಿದ್ದರು. ಅಕ್ಕ ಸೀಟಿನ ಮೇಲೆ ಎರಡೂ ಅಂಗೈ ಇಟ್ಟು ಒಮ್ಮೆ ಒತ್ತಿ ಬಿಟ್ಟು, ಅದು ಏಳೋದನ್ನ ನೋಡದೇನೇ, ಗೋಡೆ ಕಡೆ ಮುಖ ಮಾಡಿಕೊಂಡು, "ಎರಡು ಬಿಗಿ ಮಾಡೇ ಚಿಮಟ" ಅಂತಿದ್ದರು. ಎರಡು ಬಿಗಿ ಮಾಡಿದರೆ ಸರಿಹೋಗಿರೋದು. ಮಧ್ಯಾಹ್ನ ನಾಲ್ವರೂ ಟೈರಿನ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಊಟ ಮಾಡ್ತಿದ್ದೆವು, ಗಡಿಬಿಡಿ ಯಾವಾಗಲೂ ಕೈ ತೊಳೆಯದೇ ಕೂತು ಅಕ್ಕನ ಹತ್ತಿರ ಬೈಸಿಕೊಳ್ಳೋದು. ಆ ದಿನಗಳು ಮುಗಿದು ಹೋಗ್ತವೆ ಅಂತ ಯಾರಾದರೂ ಹೇಳಿದ್ದರೆ ಇನ್ನೂ ನಾಲ್ಕು ತುತ್ತು ನಿಧಾನಕ್ಕೆ ತಿಂತಿದ್ದೆನೇನೋ.

ಗಡಿಬಿಡಿಯ ಅಂಗಡಿ ಈಗ ಗಾಜಿನ ಬಾಗಿಲು, ಬಿಳಿ ನೆಲ. ಒಂದು ಬೈಕಿಗೆ ಮೂರು ದೀಪ. ನನ್ನನ್ನ ನೋಡಿ ನಗಲೂ ಇಲ್ಲ, ಕೂತ್ಕೋ ಅನ್ನಲೂ ಇಲ್ಲ.

"ಬಂದ್ಯಾ," ಅಂದ. "ಬರೆದುಕೋ. ನಾನೇ ಮಾಡಿದ್ದು."

"ಏನು ಮಾಡಿದ್ದು?"

"ಶುಕ್ರವಾರ ಮಧ್ಯಾಹ್ನ. ಮೇಸ್ತ್ರಿ ನಂಬರ್ ಪ್ಲೇಟ್ ತರೋಕೆ ಕ್ಲಬ್ಬಿಗೆ ಹೋಗಿದ್ರು. ಒಳಗೆ ಹೋದೆ, ರಿಬೌಂಡ್ ಸ್ಕ್ರೂ ಸಡಿಲ ಮಾಡ್ದೆ, ಬಂದೆ."

"ಯಾಕೆ?"

"ಹೊಟ್ಟೆಕಿಚ್ಚು ಅಂತ ಬರ್ಕೋ. ಒಂಬತ್ತು ವರ್ಷ ಆಯ್ತು ಎದುರುಬದುರು ಅಂಗಡಿ ಹಾಕಿ. ಜನ ಇನ್ನೂ ಅವರ ಹತ್ತಿರವೇ ಹೋಗ್ತಾರೆ."

ಬೆಳಿಗ್ಗೆಯಿಂದ ಇದು ಎರಡನೇ ತಪ್ಪೊಪ್ಪಿಗೆ. ಇಷ್ಟು ವರ್ಷದ ನನ್ನ ಕೆಲಸದಲ್ಲಿ ಒಬ್ಬರ ಬಾಯಿ ಬಿಡಿಸೋಕೇ ಉಸಿರು ಹೋಗುತ್ತೆ. ಇಲ್ಲಿ ನೋಡಿದರೆ ಗಂಡಸರು ಸಾಲಾಗಿ ನಿಂತು ನಾನು ನಾನು ಅಂತಿದ್ದಾರೆ.

"ಎಷ್ಟು ಸಡಿಲ ಮಾಡ್ದೆ?"

"ಪೂರ್ತಿ. ಎಷ್ಟು ಬರುತ್ತೋ ಅಷ್ಟೂ."

"ಆಮೇಲೆ ಸ್ಕ್ರೂ ತಲೆ ಮೇಲೆ ಏನು ಹಾಕ್ದೆ?"

"ಏನೂ ಹಾಕಲಿಲ್ಲ. ಕೆಡಿಸೋಕೆ ಹೋದವನು ಮೊಹರು ಹಾಕ್ತಾ ಕೂರ್ತಾನಾ?"

ನಾನು ಕವರು ತೆಗೆದು ಅವನ ಬಿಳಿ ಮೇಜಿನ ಮೇಲೆ, ದೀಪದ ಕೆಳಗೆ ಇಟ್ಟೆ. ಪಕ್ಕದಲ್ಲಿ ಭೂತಗನ್ನಡಿಯನ್ನೂ ಇಟ್ಟೆ.

"ಪೂರ್ತಿ ಸಡಿಲ ಇರಲಿಲ್ಲ ಕಣೋ. ಸಡಿಲದಿಂದ ಆರಕ್ಕಿತ್ತು. ಮೇಲೆ ಮೊಹರು ಹಾಕಿತ್ತು. ನಿನಗೆ ಸುಳ್ಳು ಹೇಳೋಕೂ ಗಡಿಬಿಡಿ."

ಅವನು ಕನ್ನಡಿ ಮುಟ್ಟಲಿಲ್ಲ. ಮುಖ ಮಾತ್ರ ಗಂಟು ಹಾಕಿಕೊಂಡ.

ದೀಪ ಚೆನ್ನಾಗಿತ್ತು. ಬೆಳಿಗ್ಗೆ ಶೆಡ್ಡಿನ ಮಬ್ಬಿನಲ್ಲಿ ಕಾಣದ್ದು ಈಗ ನನ್ನ ಕಣ್ಣಿಗೆ ಬಿತ್ತು. ಮೇಲಿನ ದಪ್ಪ ಪದರ ಒಂದೇ ಪದರವಲ್ಲ. ಒಂದು ಸಲ ಹಚ್ಚಿ, ಒಣಗೋಕೆ ಬಿಟ್ಟು, ಮತ್ತೊಂದು ಸಲ ಹಚ್ಚಿದ್ದಾರೆ. ಮಧ್ಯೆ ಕೂದಲೆಳೆಯ ಗೆರೆ. ಮೇಸ್ತ್ರಿ ಹಚ್ಚೋದು ಒಂದೇ ಹನಿ. ನಾನಾಗಲಿ ಗಡಿಬಿಡಿಯಾಗಲಿ ಹಚ್ಚಿದ್ದೂ ಒಂದೇ. ಎರಡು ಸಲ ಯಾರು ಹಚ್ತಿದ್ದರು ಅಂತ ನೆನಪು ಮಾಡಿಕೊಳ್ಳೋಕೆ ಹೊರಟೆ, ಆದರೆ ಅದಕ್ಕೆ ಮುಂಚೆ ಅವನ ವಿಚಾರಣೆ ಮುಗಿಸಬೇಕಿತ್ತು.

"ಶುಕ್ರವಾರ ನೀನು ಹೋಗಿದ್ದು ನಿಜ. ಯಾಕೆ ಹೋಗಿದ್ದೆ?"

ಗಾಜಿನಾಚೆ, ಎದುರಿನ ಅರ್ಧ ಇಳಿಸಿದ ಶಟರ್ ಕಡೆ ನೋಡಿದ. ಆಮೇಲೆ ಅವನ ದನಿ ಇಳಿಯಿತು.

"ಮಾತಾಡಿಸೋಣ ಅಂತ. ಸಾಕಾಗಿತ್ತು ಕಣೇ. ದಿನಾ ಬೆಳಿಗ್ಗೆ ಇಲ್ಲಿ ನಾನು ಶಟರ್ ಎತ್ತೋದು, ಅಲ್ಲಿ ಅವರು ಎತ್ತೋದು. ನೋಡಿದ್ರೂ ನೋಡದ ಹಾಗೆ. ಮಿಡತೆ ಗೆಲ್ಲಲಿ ಅಂತ ಒಂದು ಮಾತು ಹೇಳಿ ಬರೋಣ ಅಂತ ಹೋದೆ."

"ಹೇಳಿದ್ಯಾ?"

"ಮೇಸ್ತ್ರಿ ಇರಲಿಲ್ಲ ಅಂದ್ನಲ್ಲ. ಬಾಗಿಲಲ್ಲಿ ನಿಂತೆ. ಬೈಕಿನ ಕೆಳಗೆ ಯಾರೋ ಮಲಗಿದ್ರು, ಕಾಲಷ್ಟೇ ಕಾಣ್ತಿತ್ತು. ಜೋರಾಗಿ ಎಣಿಸ್ತಿದ್ರು. ನಾವು ಮೊದಲು ಎಣಿಸ್ತಿದ್ವಲ್ಲ ಹಾಗೆ, ಒಂದೊಂದು ಕ್ಲಿಕ್ಕಿಗೂ ಬಾಯಿಬಿಟ್ಟು. ನನಗೆ ಒಳಗೆ ಹೋಗೋಕೇ ಆಗಲಿಲ್ಲ ಚಿಮಟ. ಕಣ್ಣಲ್ಲಿ ನೀರು ಬಂದುಬಿಡ್ತು. ಹೀಗೆ ಅಳ್ತಾ ಒಳಗೆ ಹೋದ್ರೆ ಏನಂದುಕೊಂಡಾರು ಅಂತ ವಾಪಸ್ ಬಂದೆ."

"ಎಷ್ಟು ಎಣಿಸಿದ್ರು?"

"ಹದಿನಾರು ಅಂದ್ರು. ಆಮೇಲೆ, 'ಅಯ್ಯೋ, ಇವರ ಬೆರಳು ಪೂರ್ತಿ ಕೈಕೊಟ್ಟಿದೆ' ಅಂದ್ರು..."

ಅಲ್ಲಿಗೆ ನಿಲ್ಲಿಸಿದ. ಹೇಳಿದ್ದು ತಡವಾಗಿ ಅವನಿಗೇ ಕೇಳಿಸಿತು.

ಮೇಸ್ತ್ರಿಯನ್ನ ಊರೆಲ್ಲ ಮೇಸ್ತ್ರಿ ಅನ್ನುತ್ತೆ. ಮಗಳು ಅಪ್ಪ ಅಂತಾಳೆ. 'ಇವರು' ಅನ್ನೋರು ಈ ಪ್ರಪಂಚದಲ್ಲಿ ಒಬ್ಬರೇ.

ಉಗುರುಬಣ್ಣದ ಶೀಶೆಯೂ ಮೊದಲು ಅವರದ್ದೇ ಆಗಿತ್ತು. ಮದುವೆಯಾದ ಹೊಸದರಲ್ಲಿ ತಂದಿದ್ದು, ಗ್ರೀಸು ಮೆತ್ತೋ ಕೈಗೆ ಯಾಕೆ ಅಂತ ಗ್ಯಾರೇಜಿನಲ್ಲಿಟ್ಟು ಸ್ಕ್ರೂಗೆ ಹಚ್ಚೋಕೆ ಶುರು ಮಾಡಿದ್ದರು. "ಒಂದು ಸಲ ಹಚ್ಚಿದ್ರೆ ನಿಲ್ಲಲ್ಲ ಕಣೇ, ಎರಡು ಸಲ ಹಚ್ಚಬೇಕು" ಅಂತಿದ್ದರು. ನಾವು ಸೋಮಾರಿಗಳು, ಒಂದಕ್ಕೇ ಬಿಡ್ತಿದ್ದೆವು.

"ಎಣಿಸಬೇಡ," ಅಂದ ಗಡಿಬಿಡಿ. "ಅಲ್ಲಿಗೇ ನಿಲ್ಲಿಸು ಚಿಮಟ."

ಆದರೆ ನನ್ನ ತಲೆ ಎಣಿಸಿ ಮುಗಿಸಿತ್ತು.

ಅಕ್ಕ ಗ್ಯಾರೇಜಿಗೆ ಬರೋದು ಬಿಟ್ಟಿದ್ದು ಮಿಡತೆ ಹೊಟ್ಟೆಯಲ್ಲಿದ್ದಾಗ. ಅಲ್ಲೀವರೆಗೂ ನಮ್ಮಲ್ಲಿ ಸಡಿಲದಿಂದಲೇ ಎಣಿಕೆ. ಸ್ಕ್ರೂನ ತಳಮುಟ್ಟ ಬಿಗಿದು ಬಿಗಿದು ಒಳಗಿನ ಸೂಜಿ ಸವೆಯುತ್ತೆ ಅಂತ ಮೇಸ್ತ್ರಿಗೆ ಭಯ. ಅಕ್ಕ ಬಿಟ್ಟು ಮೂರು ತಿಂಗಳಿಗೆ ಹೊಸ ಮಾದರಿ ಬೈಕುಗಳು ಬಂದವು, ಅವುಗಳ ಪುಸ್ತಕದಲ್ಲೆಲ್ಲ ಬಿಗಿಯಿಂದ ಲೆಕ್ಕ. ಒಂದು ಬೆಳಿಗ್ಗೆ ಮೇಸ್ತ್ರಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 'ಇವತ್ತಿಂದ ಬಿಗಿಯಿಂದ' ಅಂತ ಬರೆದರು. ಒಂದು ತಿಂಗಳು ನಾನು, ಗಡಿಬಿಡಿ ಇಬ್ಬರೂ ತಪ್ಪಿ ತಪ್ಪಿ ಎಣಿಸಿ, ತಪ್ಪಿದವರು ಕಸ ಗುಡಿಸಬೇಕು ಅಂತ ನಿಯಮ ಮಾಡಿಕೊಂಡು, ಇಬ್ಬರೂ ಗುಡಿಸಿ ಗುಡಿಸಿ ಕೊನೆಗೆ ಕಲಿತೆವು. ಸುಣ್ಣದ ಬರಹ ಯಾವಾಗಲೋ ಅಳಿಸಿಹೋಯಿತು.

"ಅಕ್ಕನಿಗೆ ಯಾರು ಹೇಳಿದ್ರು?" ಅಂತ ಕೇಳಿದೆ.

"ಏನು?"

"ಲೆಕ್ಕ ಬದಲಾಯ್ತು ಅಂತ. ನೀನು ಹೇಳಿದ್ಯಾ?"

"ಇಲ್ಲ. ನೀನು?"

"ಇಲ್ಲ."

ಬಾಣಂತಿ ನೋಡೋಕೆ ಹೋದಾಗ ಶಾಕ್ ವಿಷಯ ಯಾರು ಮಾತಾಡ್ತಾರೆ? ಮಗು ಯಾರ ಹಾಗಿದೆ ಅಂತ ಮಾತಾಡಿಕೊಂಡು ಬಂದಿದ್ದೆವು. ಇಪ್ಪತ್ಮೂರು ವರ್ಷ ಯಾರೂ ಹೇಳಲಿಲ್ಲ, ಯಾರಿಗೂ ಹೊಳೆಯಲೂ ಇಲ್ಲ.

ಶುಕ್ರವಾರ ಮಧ್ಯಾಹ್ನ ನಡೆದದ್ದು ಈಗ ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತಿತ್ತು. ಡಬ್ಬಿ ಕೊಡೋಕೆ ಬಂದ ಅಕ್ಕ. ಗಂಡ ಇಲ್ಲ. ಮಗಳ ಬೈಕು ಎದುರಿಗಿದೆ, ನಾಳೆ ಅಭ್ಯಾಸ. ಗಂಡನ ಬೆರಳು ಅವರಿಗೆ ಗೊತ್ತು, ಅಂಗಿ ಗುಂಡಿ ಹಾಕೋದು ಅವರೇ ತಾನೆ. ದವಡೆಯಲ್ಲಿ ಎಣಿಸೋದನ್ನ ಮಾತ್ರ ನೋಡಿಲ್ಲ. ಒಂದು ಸಲ ನೋಡಿಬಿಡೋಣ, ಕೇಳಿದರೆ ಇವರಿಗೆ ನೋವಾಗುತ್ತೆ, ಸುಮ್ಮನೆ ನೋಡಿಬಿಡೋಣ ಅಂತ ಕೆಳಗೆ ಮಲಗಿದ್ದಾರೆ. ಬಿಗಿಯಿಂದ ಆರಕ್ಕೆ ಸರಿಯಾಗಿದ್ದ ಸ್ಕ್ರೂ, ಸಡಿಲದಿಂದ ಎಣಿಸಿದರೆ ಹದಿನಾರು. ಚೀಟಿಯಲ್ಲಿ ಆರು. ಹತ್ತು ಕ್ಲಿಕ್ ತಪ್ಪು ಅಂತ ಎದೆ ಹೊಡೆದುಕೊಂಡಿರುತ್ತೆ. ತಿದ್ದಿದ್ದಾರೆ. ಎರಡು ಸಲ ಬಣ್ಣ ಹಚ್ಚಿದ್ದಾರೆ. ಗಂಡನ ಮಾನ ಉಳಿಸಿದೆ, ಮಗಳ ಜೀವ ಕಾಪಾಡಿದೆ ಅಂತ ನೆಮ್ಮದಿಯಾಗಿ ಮನೆಗೆ ಹೋಗಿದ್ದಾರೆ.

ಭಾನುವಾರ ಮೇಸ್ತ್ರಿ ಬಗ್ಗಿ ನೋಡಿದ್ದು ಆ ಎರಡು ಪದರದ ಹನಿಯನ್ನ. ಕ್ಲಿಕ್ ಎಣಿಸೋ ಅಗತ್ಯ ಅವರಿಗೆ ಬೀಳಲಿಲ್ಲ.

ನಾನು ಗಡಿಬಿಡಿಯ ಬಿಳಿ ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಕೂಡ. ತನಿಖೆಗೆ ಹೋದ ಜಾಗದಲ್ಲಿ ಅಳಬಾರದು ಅಂತ ನನಗೆ ಗೊತ್ತು, ಆದರೂ ಅತ್ತೆ. ಅವನೂ ಪಕ್ಕದಲ್ಲಿ ಬಂದು ಕೂತ.

"ಮೇಸ್ತ್ರಿ ಬರೆದುಕೊಟ್ಟಿದ್ದಾರಲ್ಲ," ಅಂದ ಆಮೇಲೆ. "ಹಾಗೇ ಬಿಟ್ಟುಬಿಡು. ಗ್ಯಾರೇಜು ಹೋದ್ರೆ ಹೋಗಲಿ. ನನ್ನ ಅಂಗಡಿ ಇದೆ, ಇಲ್ಲಿಗೇ ಬರಲಿ."

"ಮೂವತ್ತು ವರ್ಷ ಒಂದು ಸ್ಕ್ರೂ ತಪ್ಪಾಗಿ ಇಡದೇ ಇರೋರು, ಮಗಳ ಕಾಲು ಮುರಿದೋರು ಅಂತ ಅನ್ನಿಸಿಕೊಂಡು ಬರಬೇಕಾ?"

"ಅಕ್ಕ ಅನ್ನಿಸಿಕೊಳ್ಳೋದಕ್ಕಿಂತ ವಾಸಿ."

ನಾನು ಎದ್ದು ಮುಖ ಒರೆಸಿಕೊಂಡು ಚೀಲದಿಂದ ಹಾಳೆ ತೆಗೆದೆ.

ಮೂರೂವರೆಗೆ ಅವನ ಮೇಜಿನ ಮೇಲೇ ವರದಿ ಬರೆದೆ. ಮೇಸ್ತ್ರಿ ಹಾಕಿದ ಮೊಹರನ್ನು ಅವರಿಲ್ಲದಾಗ ಒಡೆಯಲಾಗಿದೆ. ಹಾಗಾಗಿ ದೋಷ ಅವರದಲ್ಲ. ಒಡೆದವರು ಯಾರೆಂದು ತಿಳಿದುಬಂದಿಲ್ಲ. ನನ್ನ ಹದಿನೈದು ವರ್ಷದ ಕೆಲಸದಲ್ಲಿ ಗೊತ್ತಿದ್ದೂ ಬರೆದ ಮೊದಲ ಸುಳ್ಳು ಅದು. ಮೇಸ್ತ್ರಿಯ ಗ್ಯಾರೇಜೂ ಉಳಿಯುತ್ತೆ, ಅಕ್ಕನಿಗೂ ಗೊತ್ತಾಗಲ್ಲ. ಅಷ್ಟಕ್ಕೆ ಒಂದು ಸುಳ್ಳು ಹೆಚ್ಚೇನಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಸಮಿತಿಯ ಕೋಣೆಯಲ್ಲಿ ಉದ್ದನೆ ಮೇಜು. ಮೇಜಿನ ಆಚೆ ಐದು ಜನ, ನಡುವೆ ಕಾರ್ಯದರ್ಶಿ. ಹಿಂದಿನ ಬೆಂಚಿನಲ್ಲಿ ಮೇಸ್ತ್ರಿ ಒಬ್ಬರೇ ಕೂತಿದ್ದರು, ಮರಗಟ್ಟಿದ ಕೈಗಳನ್ನ ತೊಡೆ ಮೇಲಿಟ್ಟುಕೊಂಡು. ನನ್ನ ಕಡೆ ನೋಡಲಿಲ್ಲ.

ವರದಿ ಓದಿದೆ. ಕೊನೆ ಸಾಲು ಓದುವಾಗ ಮೇಸ್ತ್ರಿ ತಲೆ ಎತ್ತಿದರು. ಆ ಕಣ್ಣಲ್ಲಿ ಇದ್ದದ್ದು ಕೃತಜ್ಞತೆ. ಅದನ್ನ ನೋಡೋಕಾಗದೆ ನಾನು ಹಾಳೆ ಮಡಚಿದೆ.

"ಯಾರಂತ ತಿಳಿದುಬಂದಿಲ್ಲ," ಕಾರ್ಯದರ್ಶಿ ಪೆನ್ನು ತಿರುಗಿಸಿದರು. "ಬೆಳಿಗ್ಗೆ ಹಳೇ ಲೆಕ್ಕ, ಹೊಸ ಲೆಕ್ಕ ಅಂತಿದ್ರಿ."

"ಅದು ಊಹೆ ಸರ್. ಊಹೆಯನ್ನ ವರದಿಯಲ್ಲಿ ಬರೆಯೋಕಾಗಲ್ಲ."

ಅವರು ಇನ್ನೇನೋ ಕೇಳೋರಿದ್ದರು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಆಸ್ಪತ್ರೆಯಿಂದ ನೇರ ಬಂದಿದ್ದರು ಅಕ್ಕ. ಮೂರು ದಿನದ ನಿದ್ದೆ ಕಣ್ಣ ಕೆಳಗೆ ಇಳಿದಿತ್ತು. ತಲೆ ಬಾಚಿಕೊಂಡಿರಲಿಲ್ಲ.

"ಒಳಗೆ ಬರಬಹುದಾ?" ಅಂತ ಕೇಳಿ, ಯಾರೂ ಹೂಂ ಅನ್ನುವ ಮೊದಲೇ ಬಂದು ಮೇಜಿನ ಮುಂದೆ ನಿಂತರು. "ಇವರ ಪರವಾನಗಿ ಕಿತ್ಕೋತಾರೆ ಅಂತ ನರ್ಸು ಹೇಳಿದ್ರು. ನಾನು ಸಾಕ್ಷಿ ಹೇಳ್ಬೇಕು."

"ಅಕ್ಕಾ, ಆಯ್ತು, ಎಲ್ಲ ಮುಗೀತು," ಅಂತ ನಾನು ಎದ್ದೆ. "ಮೇಸ್ತ್ರಿದೇನೂ ತಪ್ಪಿಲ್ಲ ಅಂತಾನೇ ಬರೆದಿದೀನಿ. ಬನ್ನಿ, ಮಿಡತೆ ಹತ್ತಿರ ಹೋಗೋಣ."

"ಇರು ಕಣೇ, ಹೇಳ್ಬಿಡ್ತೀನಿ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೇ ತಪ್ಪಾಯ್ತು." ಅವರು ನನ್ನ ಕೈಯನ್ನ ಮೆತ್ತಗೆ ಸರಿಸಿದರು. "ನೋಡಿ ಸರ್, ಇವರು ಬೆರಳು ಮರಗಟ್ಟಿದೋರು, ಒಪ್ಕೋತೀನಿ. ಹತ್ತು ಕ್ಲಿಕ್ ತಪ್ಪಾಗಿ ಇಟ್ಟಿದ್ರು, ಅದನ್ನೂ ಒಪ್ಕೋತೀನಿ. ಇವರ ಮರ್ಯಾದೆ ಹೋಗುತ್ತೆ ಅಂತ ಹೇಳಲಿಲ್ಲ. ಆದ್ರೆ ಶುಕ್ರವಾರ ಮಧ್ಯಾಹ್ನ, ಬೈಕು ಕ್ಲಬ್ಬಿಗೆ ಹೋಗೋ ಮೊದಲು, ನಾನೇ ಸರಿ ಮಾಡಿದೀನಿ. ನನ್ನ ಕೈಯಾರೆ. ಬೈಕು ಗ್ಯಾರೇಜಿಂದ ಹೊರಡುವಾಗ ಸರಿಯಾಗಿತ್ತು. ಆಮೇಲೆ ಯಾರು ಕೈಹಾಕಿದ್ರೋ ಅವರನ್ನ ಹಿಡೀರಿ. ನನ್ನ ಮಗಳನ್ನ ಆ ಗತಿಗೆ ತಂದೋರನ್ನ ಬಿಡಬೇಡಿ."

ಕಾರ್ಯದರ್ಶಿ ನಿಧಾನಕ್ಕೆ ಪುಸ್ತಕದ ಹಾಳೆ ತಿರುವಿದರು. ಗೆರೆ ಎಳೆದ ಆ ಎರಡು ಪದ ನನಗೆ ತಲೆಕೆಳಗಾಗಿ ಕಾಣ್ತಿದ್ದವು.

"ಎಷ್ಟಕ್ಕೆ ಇಟ್ರಿ ಅಮ್ಮ?"

"ಆರಕ್ಕೆ. ಚೀಟಿಯಲ್ಲಿ ಇದ್ದಷ್ಟಕ್ಕೇ."

"ಯಾವ ಕಡೆಯಿಂದ ಎಣಿಸಿದ್ರಿ?"

ಹಿಂದಿನ ಬೆಂಚು ಸದ್ದು ಮಾಡಿತು. ಮೇಸ್ತ್ರಿ ಎದ್ದು ನಿಂತಿದ್ದರು. "ಸಾಕು," ಅಂದರು.

ಅಕ್ಕ ಗಂಡನ ಕಡೆ ತಿರುಗಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಸಣ್ಣ ನಗು ಬಂತು, ಹಳೇ ಗ್ಯಾರೇಜಿನ ನಗು. ನನ್ನ ಹೆಗಲ ಮೇಲೆ ಕೈ ಇಟ್ಟರು.

"ಅದಕ್ಕೆಲ್ಲ ಎಷ್ಟು ಕಡೆ ಇರ್ತವೆ ಸರ್? ಇವಳನ್ನೇ ಕೇಳಿ, ಇವಳಿಗೆ ಎಣಿಸೋದು ಕಲಿಸಿದ್ದೇ ನಾನು. ಹೇಳೇ ಚಿಮಟ, ನಾವು ಎಲ್ಲಿಂದ ಎಣಿಸ್ತಿದ್ವಿ?"